ನೆಬುಲೈಸರ್: ಮನೆಯಲ್ಲಿದ್ದರೆ ಸಾಲದು, ಬಳಕೆ ತಿಳಿದಿರಬೇಕು

ಮಳೆಗಾಲದ ಥಂಡಿ, ಬಚ್ಚಲೊಲೆಯ ಹೊಗೆ, ಅಡಿಕೆ ಸುಲಿತದ ಧೂಳು, ಕಾಫಿ ಕಣದ ಧೂಳು – ಉಬ್ಬಸವಿರುವವರಿಗೆ ಮಲೆನಾಡಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಕಾಟ ಇದ್ದೇ ಇದೆ. ಈಚಿನ ವರ್ಷಗಳಲ್ಲಿ ನಮ್ಮ ಸದಸ್ಯರ ಅನೇಕ ಮನೆಗಳಿಗೆ ನೆಬುಲೈಸರ್ ಬಂದಿರುವುದು ಸಂತೋಷದ ಸಂಗತಿ. ಆದರೆ ಯಂತ್ರ ಕೊಂಡಷ್ಟು ಸುಲಭವಾಗಿ ಅದರ ತಿಳಿವಳಿಕೆ ಬಾರದಾದ್ದರಿಂದ ಈ ನಾಲ್ಕು ಮಾತು.

ಯಂತ್ರದ ಕೆಲಸ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ನಮಗೆ ಇದರ ತತ್ವ ಹೊಸದಲ್ಲ. ಪಂಪಿನ ಗಾಳಿ ಕೊಳವೆಯ ಮೂಲಕ ಬಟ್ಟಲಿಗೆ ನುಗ್ಗಿ, ಅಲ್ಲಿರುವ ಔಷಧಿಯನ್ನು ಮಂಜಿನಂತೆ ಒಡೆಯುತ್ತದೆ. ಸುಮಾರು 1ರಿಂದ 5 ಮೈಕ್ರಾನ್ ಗಾತ್ರದ ಹನಿಗಳು ಶ್ವಾಸಕೋಶದ ಆಳದ ಕವಲುಗಳನ್ನು ತಲಪುತ್ತವೆ. ದಪ್ಪ ಹನಿಗಳು ಗಂಟಲಿನಲ್ಲೇ ನಿಲ್ಲುತ್ತವೆ. ಸ್ಪ್ರೇಯರಿನಲ್ಲಿ ಬರಿಯ ನೀರು ಹೊಡೆದರೆ ಕೊಳೆ ನಿಲ್ಲದು. ಇಲ್ಲಿಯೂ ಗುಣ ಔಷಧಿಯದು, ಯಂತ್ರದ್ದಲ್ಲ. ಸಾಲ್ಬುಟಮಾಲ್ ಬಿಗಿದ ಶ್ವಾಸನಾಳವನ್ನು ಬೇಗ ಸಡಿಲಿಸುತ್ತದೆ; ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಒಳಗಿನ ಬಾವನ್ನು ನಿಧಾನವಾಗಿ ಇಳಿಸುತ್ತದೆ. ಯಾವುದು, ಎಷ್ಟು, ದಿನಕ್ಕೆ ಎಷ್ಟು ಸಲ ಎಂಬುದನ್ನು ವೈದ್ಯರೇ ಬರೆದುಕೊಡತಕ್ಕದ್ದು. ನೆರೆಮನೆಯವರ ಚೀಟಿ ನಮಗಾಗದು.

ಬಳಸುವ ಕ್ರಮ

ರೋಗಿಯು ನೆಟ್ಟಗೆ ಕುಳಿತು, ಮಾಸ್ಕನ್ನು ಮುಖಕ್ಕೆ ಸಂದಿಲ್ಲದಂತೆ ಹಿಡಿದು, ಸಾವಧಾನವಾಗಿ ಉಸಿರಾಡಬೇಕು. ಸಾಮಾನ್ಯವಾಗಿ 10–15 ನಿಮಿಷದಲ್ಲಿ ಔಷಧಿ ಮುಗಿಯುತ್ತದೆ. ಬೆರೆಸಬೇಕೆಂದು ವೈದ್ಯರು ಹೇಳಿದ್ದರೆ ಔಷಧಿ ಅಂಗಡಿಯ ಶೇ. 0.9ರ ಶುದ್ಧ ಸಲೈನ್ ಮಾತ್ರ ಬಳಸಿರಿ. ಬಾವಿಯ ನೀರಾಗಲಿ ಕಾಯಿಸಿ ಆರಿಸಿದ ನೀರಾಗಲಿ ಕೂಡದು. ಬರಿಯ ನೀರಿನ ಮಂಜು ಉಬ್ಬಸವನ್ನು ಹೆಚ್ಚಿಸಬಲ್ಲದು. ನೀಲಗಿರಿ ಎಣ್ಣೆ, ಕಷಾಯಗಳನ್ನು ಹಾಕುವುದಂತೂ ಅಪಾಯ. ಸ್ಟಿರಾಯ್ಡ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಮುಖ ತೊಳೆಯಬೇಕು.

ಬಟ್ಟಲು, ಮಾಸ್ಕುಗಳನ್ನು ಪ್ರತಿಸಲವೂ ತೊಳೆದು, ನೀರು ಕೊಡವಿ, ಗಾಳಿಗೆ ಒಣಗಿಸಬೇಕು. ತೇವದಲ್ಲಿ ಬೆಳೆದ ರೋಗಾಣುಗಳು ಮುಂದಿನ ಸಲ ನೇರವಾಗಿ ಶ್ವಾಸಕೋಶಕ್ಕೇ ಹೋಗುತ್ತವೆ. ಯಂತ್ರವನ್ನು ಎರವಲು ಕೊಡಬಹುದು. ಮಾಸ್ಕ್, ಬಟ್ಟಲುಗಳನ್ನು ಕೊಡಬಾರದು.

ಮಳೆಗಾಲದಲ್ಲಿ ಕರೆಂಟನ್ನು ನಂಬಿ ಕೂರುವಂತಿಲ್ಲ. ತೀವ್ರವಲ್ಲದ ಉಬ್ಬಸಕ್ಕೆ ಸ್ಪೇಸರ್ ಜೋಡಿಸಿದ ಇನ್‌ಹೇಲರ್ ನೆಬುಲೈಸರಿನಷ್ಟೇ ಕೆಲಸ ಮಾಡುತ್ತದೆ. ಅದಕ್ಕೆ ಕರೆಂಟು ಬೇಡ, ತೋಟಕ್ಕೂ ಒಯ್ಯಬಹುದು. ವೈದ್ಯರನ್ನು ಕೇಳಿ ಅದನ್ನೂ ಇಟ್ಟುಕೊಳ್ಳುವುದು ಲೇಸು.

ತಡ ಮಾಡಬೇಡಿ

ಎಲ್ಲಕ್ಕಿಂತ ಮುಖ್ಯವಾದುದು ಇದು. ಔಷಧಿಯಿಂದ ಗಳಿಗೆ ಹೊತ್ತು ಹಗುರವಾದರೆ ‘ಬೆಳಗಾಗಲಿ, ನೋಡೋಣ’ ಎನ್ನುವವರಿದ್ದಾರೆ. ಆಸ್ಪತ್ರೆಗೆ ಹತ್ತಿಪ್ಪತ್ತು ಮೈಲಿ ಘಾಟಿ ದಾರಿಯಿರುವ ನಮಗೆ ಆ ಮಾತು ಪ್ರಾಣಕ್ಕೇ ಎರವಾದೀತು. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಉಸಿರೆಳೆವಾಗ ಪಕ್ಕೆ ಒಳಸೇದಿದರೆ, ಮಂಪರು ಕವಿದರೆ, ಔಷಧಿ ಕೊಟ್ಟರೂ ಇಳಿಯದಿದ್ದರೆ, ಇಲ್ಲವೆ ನಾಲ್ಕು ಗಂಟೆಯೊಳಗೇ ಮತ್ತೆ ಬೇಕೆನಿಸಿದರೆ ಕೂಡಲೇ ಹೊರಡಬೇಕು. 108ಕ್ಕೆ ಕರೆ ಮಾಡಿ, ಜೀಪಿದ್ದರೆ ಕಾಯಬೇಡಿ. ಕೂಲಿ ಲೈನಿನ ಮಕ್ಕಳಿಗೂ ಮುದುಕರಿಗೂ ಇದೇ ನಿಯಮ. ಎರಡು ವಾರ ಮೀರಿದ ಕೆಮ್ಮಿಗೆ ಯಂತ್ರ ಹಿಡಿಯುವ ಬದಲು ಕಫ ಪರೀಕ್ಷೆ ಮಾಡಿಸಬೇಕು.

ಕೊನೆಗೆ, ಬೆಳೆಗಾರರಾದ ನಮಗೆ ಕಹಿಯಾದರೂ ಹೇಳಲೇಬೇಕಾದ ಮಾತೊಂದಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಅಂಶವು ಆಸ್ತಮಾ ಇರುವ ಕೆಲವರಲ್ಲಿ ಶ್ವಾಸನಾಳವನ್ನು ಬಿಗಿಸಬಲ್ಲದೆಂದು ವೈದ್ಯರು ಕಂಡಿದ್ದಾರೆ. ಉಬ್ಬಸವಿರುವವರು ಅಡಿಕೆಯನ್ನು ಬೆಳೆಯಲಿ, ಮಾರಲಿ, ಜಗಿಯುವುದನ್ನು ಬಿಡಲಿ.

ಸದಸ್ಯ ಬಾಂಧವರು ಈ ಪುಟವನ್ನು ಕತ್ತರಿಸಿ ಯಂತ್ರದ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಬೇಕೆಂದು ವಿನಂತಿ.

– ಕಾರ್ಯದರ್ಶಿ