ಅಂಗವೇ ಶಿಲ್ಪ, ಅಭ್ಯಾಸವೇ ಉಳಿ



ಪೀರನವಾಡಿಯ ಹಿರಿಯರು ಸಂತೆಗೆಂದೋ ಕೋರ್ಟು ಕಚೇರಿಗೆಂದೋ ಬೆಳಗಾವಿಗೆ ಹೋಗಿಯೇ ಇರುತ್ತಾರೆ. ಆದರೆ ಕೋಟೆಯೊಳಗಿನ ಕಮಲ ಬಸದಿಯ ಮುಂದೆ ಒಂದು ಗಳಿಗೆ ನಿಂತವರೆಷ್ಟು ಮಂದಿ? ರಟ್ಟರ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಆ ಬಸದಿಯಲ್ಲಿ ನೇಮಿನಾಥರು ಕರಿಶಿಲೆಯಲ್ಲಿ ಧ್ಯಾನಸ್ಥರಾಗಿ ಕುಳಿತಿದ್ದಾರೆ. ಬೆನ್ನು ನೆಟ್ಟಗೆ, ಮುಖದಲ್ಲಿ ಶಾಂತಿ. ಮತ ಯಾವುದಾದರೇನು, ಮನಸ್ಸು ನಿಂತಾಗ ದೇಹ ಹೇಗಿರುತ್ತದೆ ಎಂಬುದನ್ನು ಶಿಲ್ಪಿ ಅಲ್ಲಿ ತೋರಿಸಿಕೊಟ್ಟಿದ್ದಾನೆ.

ಇದೇ ಪಾಠವನ್ನು ಹಂಪಿಯ ಗುಡಿಗಳ ಕಂಬಗಳೂ ಹೇಳುತ್ತವೆ. ಬಾಗಿದ, ಮಡಿಚಿದ, ತಲೆಕೆಳಗಾದ ಯೋಗಿಗಳನ್ನು ಅಲ್ಲಿ ಕಲ್ಲಿನಲ್ಲಿ ಕಡೆದಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಬರೆಯಿಸಿದ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ. ಕಲ್ಲಿನಿಂದ ಕಾಗದಕ್ಕೆ ಬಂದ ಯೋಗ, ಮುಂದೆ ಅದೇ ಮೈಸೂರಿನ ಅರಮನೆಯ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯಾಗಿ ಬೆಳೆಯಿತು.

ಇಲ್ಲಿಂದ ಕಥೆ ನಮ್ಮ ಬೆಳಗಾವಿಗೇ ಬರುತ್ತದೆ. 1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಈ ಭಾಗದಲ್ಲಿ ಸಂಚರಿಸಿದರು. ಜೊತೆಗೆ ಅವರ ಹೆಂಡತಿಯ ತಮ್ಮ, ಕೋಲಾರ ಜಿಲ್ಲೆಯ ಬೆಳ್ಳೂರಿನ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್ ಇದ್ದ. ಹುಟ್ಟಿದಂದಿನಿಂದ ಕಾಯಿಲೆ, ಕ್ಷಯ, ಮಲೇರಿಯಾಗಳಿಂದ ಬಡಕಲಾದ ದೇಹ. ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆಯವರು ಯೋಗದ ಪ್ರದರ್ಶನ ನೋಡಿ ಬೆರಗಾದರು. ನಿವೃತ್ತರಾಗಿ ಪುಣೆಗೆ ಹೋದ ಮೇಲೆ 1937ರಲ್ಲಿ ಯೋಗ ಕಲಿಸಲು ಆ ಹುಡುಗನನ್ನೇ ಕರೆಸಿಕೊಂಡರು. ಅವನೇ ಮುಂದೆ ಜಗತ್ತಿಗೆ ಗುರುವಾದ. ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅವರಂಥವರೂ ಶಿಷ್ಯರಾದರು. ರೋಗಿಯಾಗಿ ಹುಟ್ಟಿದ ದೇಹ 95 ವರುಷ ಬಾಳಿ, 2014ರಲ್ಲಿ ಶಾಂತವಾಯಿತು.

ಇದರಲ್ಲಿ ನಮಗೇನು ಬೋಧೆ? ಶಿಲೆಗೆ ರೂಪ ಕೊಡುವವನು ಶಿಲ್ಪಿ. ಈ ಅಂಗಕ್ಕೆ ರೂಪ ಕೊಡಬೇಕಾದವರು ನಾವೇ. ಆದರೆ ಇಂದು ಜೂನ್ 21 ಬಂತೆಂದರೆ ಚಾಪೆ ಹಾಸಿ, ಫೋಟೊ ತೆಗೆಸಿ, ಮರುದಿನ ಚಾಪೆ ಸುತ್ತಿಡುವವರು ಹೆಚ್ಚು. ಕಂಬದ ಮೇಲಿನ ಯೋಗಿ ನೋಡುವವರಿಗಾಗಿ ಬಾಗಲಿಲ್ಲ. ಒಳಗಿನ ಶಿವನಿಗಾಗಿ ಬಾಗಿದ.

ನಮ್ಮ ಶಿವಯೋಗವೂ ಇದನ್ನೇ ಹೇಳುತ್ತದೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ನೆಟ್ಟ ದೃಷ್ಟಿ, ನೆಟ್ಟಗಿನ ಬೆನ್ನು, ನಿಧಾನದ ಉಸಿರು. ಮೊಣಕಾಲು ನೋಯುವ ಅಜ್ಜ ತಲೆಕೆಳಗಾಗಿ ನಿಲ್ಲಬೇಕಿಲ್ಲ. ಗೋಡೆಗೆ ಒರಗಿಯೋ ಕುರ್ಚಿಯ ಮೇಲೋ ಕುಳಿತು ಪೂಜಿಸಿದರೂ ಅದು ಯೋಗವೇ. ಬೇನೆಯಿದ್ದವರು ವೈದ್ಯರನ್ನು ಕೇಳಿ, ಬಲ್ಲವರಿಂದ ಕಲಿತು ಆಸನಕ್ಕೆ ಇಳಿಯಲಿ. ಬಲಾತ್ಕಾರ ಯೋಗವಲ್ಲ.

ದೇಹ ದೇಗುಲವೆಂದು ಶರಣರು ನಂಬಿದರು. ಗುಡಿಯನ್ನು ದಿನವೂ ಗುಡಿಸುವ ನಾವು ಈ ದೇಗುಲವನ್ನು ಹಾಳುಬಿಡುವುದು ತರವೇ? ನಾಳೆ ಬೆಳಗಿನ ಲಿಂಗಪೂಜೆಯಲ್ಲಿ ಎರಡು ಗಳಿಗೆ ಹೆಚ್ಚು ಕುಳಿತುಕೊಳ್ಳಿ. ಮಗ್ಗುಲಲ್ಲಿ ಮೊಮ್ಮಗನನ್ನೂ ಕೂರಿಸಿಕೊಳ್ಳಿ. ನೋಡಿ ಕಲಿತದ್ದು ಕಲ್ಲಿನ ಮೇಲಿನ ಬರಹದಂತೆ ಉಳಿಯುತ್ತದೆ.