ಇಪ್ಪತ್ತಾರು ಅಡಿ ನೆಲ

26 ಅಡಿ. ಹತ್ತು ಹನ್ನೆರಡು ಹೆಜ್ಜೆ ಇಟ್ಟರೆ ಮುಗಿದುಹೋಗುವ ಅಗಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಬಾಗಿಲಲ್ಲಿ, ಬ್ಯಾಂಕ್ರಾಫ್ಟ್ ಮತ್ತು ಟೆಲಿಗ್ರಾಫ್ ಬೀದಿಗಳು ಕೂಡುವ ಕಡೆ ಇದ್ದ ಇಟ್ಟಿಗೆ ಹಾಸಿನ ಕಾಲುದಾರಿ ಅದು. ವಿದ್ಯಾರ್ಥಿಗಳು ಅಲ್ಲಿ ಮೇಜು ಹಾಕಿಕೊಂಡು ಕರಪತ್ರ ಹಂಚುತ್ತಿದ್ದರು, ಚಳವಳಿಗಳಿಗೆ ಚಂದಾ ಎತ್ತುತ್ತಿದ್ದರು. ಆ ಜಾಗ ನಗರಸಭೆಯದು ಎಂದೇ ಅವರು ನಂಬಿದ್ದರು. 1964ರ ಸೆಪ್ಟೆಂಬರ್ 14ರಂದು ಡೀನ್ ಕಚೇರಿಯಿಂದ ಪತ್ರ ಬಂತು: ನೆಲ ವಿಶ್ವವಿದ್ಯಾಲಯದ್ದು, ಇನ್ನು ಅಲ್ಲಿ ಮೇಜು ಇಡುವಂತಿಲ್ಲ.

ಅಂಗೈಯಗಲದ ಜಾಗಕ್ಕೆ ಅಷ್ಟು ದೊಡ್ಡ ಹೋರಾಟವೇ ಎಂದು ಕೇಳುವವರು ಹಿಂದಿನ ಇಪ್ಪತ್ತು ವರ್ಷಗಳ ಲೆಕ್ಕವನ್ನು ಒಮ್ಮೆ ನೋಡಬೇಕು. ಯುದ್ಧದಿಂದ ಮರಳುವ ಸೈನಿಕರನ್ನು ಸರ್ಕಾರದ ಖರ್ಚಿನಲ್ಲಿ ಓದಿಸಲು 1944ರಲ್ಲಿ 'ಜಿ.ಐ. ಬಿಲ್' ಎಂಬ ಕಾಯ್ದೆ ಬಂತು. ಅದರ ನೆರವಿನಿಂದ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜಿನ ಮೆಟ್ಟಿಲು ಹತ್ತಿದರು. 1947ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅವರೇ. ಅತ್ತ, ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಆ ದೇಶದಲ್ಲಿ 34 ಲಕ್ಷ ಮಕ್ಕಳು ಹುಟ್ಟಿದರು. ಹಿಂದಿನ ವರ್ಷಕ್ಕಿಂತ ಐದು ಲಕ್ಷಕ್ಕೂ ಹೆಚ್ಚು. 1946ಕ್ಕೆ ಹದಿನೆಂಟು ಸೇರಿಸಿ ನೋಡಿ, 1964 ಸಿಗುತ್ತದೆ.

ಆ ಹೊತ್ತಿಗೆ ಬರ್ಕ್ಲಿಯೊಂದರಲ್ಲೇ ಸುಮಾರು 27,000 ವಿದ್ಯಾರ್ಥಿಗಳು! ಒಂದು ಪಟ್ಟಣದ ಜನಸಂಖ್ಯೆ. ವಿಶ್ವವಿದ್ಯಾಲಯದ ಅಧ್ಯಕ್ಷ ಕ್ಲಾರ್ಕ್ ಕೆರ್ ಅವರು ಇಂಥ ಬೃಹತ್ ಸಂಸ್ಥೆಯನ್ನು 'ಮಲ್ಟಿವರ್ಸಿಟಿ' ಎಂದು ಕರೆದರು. ಅಷ್ಟು ಜನರ ನಡುವೆ ಒಬ್ಬ ಹುಡುಗನ ದನಿ ಯಾರಿಗೆ ಕೇಳೀತು?

ಅಕ್ಟೋಬರ್ 1ರಂದು ಕೇಳಿತು. ನಾಗರಿಕ ಹಕ್ಕುಗಳ ಸಂಘಟನೆಯೊಂದರ ಮೇಜಿನ ಹಿಂದೆ ಕೂತಿದ್ದ ಜ್ಯಾಕ್ ವೈನ್‌ಬರ್ಗ್ ಎಂಬ ಹಳೆಯ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದು ಕಾರಿಗೆ ಹತ್ತಿಸಿದರು. ಸುತ್ತಲಿದ್ದವರು ಕಾರಿನ ಮುಂದೆಯೂ ಹಿಂದೆಯೂ ಕೂತೇಬಿಟ್ಟರು. ಕೂತವರು ನೂರಾದರು, ಸಾವಿರ ದಾಟಿದರು. ಕಾರು 32 ಗಂಟೆ ಕದಲಲಿಲ್ಲ. ಅಷ್ಟು ಹೊತ್ತೂ ವೈನ್‌ಬರ್ಗ್ ಕಾರಿನೊಳಗೇ ಇದ್ದರು.

ಆ 32 ಗಂಟೆಯಲ್ಲಿ ಕಾರಿನ ಮಾಡೇ ಅವರ ವೇದಿಕೆ. ಮೇಲೇರಿದವರಲ್ಲಿ 21 ವರ್ಷದ ಮಾರಿಯೋ ಸಾವಿಯೋ ಒಬ್ಬರು. ಕಾರಿಗೆ ಪೆಟ್ಟಾಗದಿರಲೆಂದು ಬೂಟು ಕಳಚಿಟ್ಟು ಹತ್ತಿದರು. ಅದೇ ಬೇಸಿಗೆಯಲ್ಲಿ ಅವರು ಮಿಸಿಸಿಪ್ಪಿಗೆ ಹೋಗಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸ ಮಾಡಿ ಬಂದಿದ್ದರು. ಎಳವೆಯಿಂದ ಉಗ್ಗುತ್ತಿದ್ದ ಹುಡುಗ ಆತ. ಈ ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಳಚಿಟ್ಟ ಬೂಟು. ಪೊಲೀಸರ ಕಾರನ್ನು ಮುತ್ತಿದ ಸಾವಿರಾರು ಜನ ಅದನ್ನು ಮಗುಚಿ ಹಾಕಬಹುದಿತ್ತು. ಅವರು ಸರದಿಯ ಮೇಲೆ ಮಾತಾಡಿದರು. ಒಪ್ಪದವರೂ ಅದೇ ಮಾಡು ಹತ್ತಿ ಮಾತಾಡಿದರು.

ಅಲ್ಲಿಗೆ ಮುಗಿಯಲಿಲ್ಲ. ಡಿಸೆಂಬರ್ 2ರಂದು ವಿದ್ಯಾರ್ಥಿಗಳು ಆಡಳಿತ ಕಚೇರಿಯಾದ ಸ್ಪ್ರೌಲ್ ಹಾಲ್ ಹೊಕ್ಕು ಧರಣಿ ಕೂತರು. ಗವರ್ನರ್ ಆಜ್ಞೆಯಂತೆ ಬೆಳಗಿನ ಜಾವ ನುಗ್ಗಿದ ಪೊಲೀಸರಿಗೆ ಅವರನ್ನೆಲ್ಲ ಹೊರಗೆ ಸಾಗಿಸಲು ಸುಮಾರು 12 ಗಂಟೆ ಹಿಡಿಯಿತು. ಬಂಧನಕ್ಕೊಳಗಾದವರು ಎಂಟುನೂರರ ಹತ್ತಿರ. ಕ್ಯಾಲಿಫೋರ್ನಿಯಾ ಅಲ್ಲಿಯವರೆಗೆ ಅಷ್ಟು ದೊಡ್ಡ ಸಾಮೂಹಿಕ ಬಂಧನವನ್ನು ಕಂಡಿರಲಿಲ್ಲ.

ಡಿಸೆಂಬರ್ 8ರಂದು ಅಧ್ಯಾಪಕರ ಸೆನೆಟ್ ಸಭೆ ಸೇರಿತು. ಅವರ ಮುಂದಿದ್ದ ನಿರ್ಣಯ ಇಷ್ಟು: ಭಾಷಣದಿಂದ ಪಾಠಪ್ರವಚನಕ್ಕೆ ಅಡ್ಡಿಯಾಗದಂತೆ ಸಮಯ, ಜಾಗ, ರೀತಿಗಳ ಬಗ್ಗೆ ವಿಶ್ವವಿದ್ಯಾಲಯ ನಿಯಮ ಮಾಡಬಹುದು, ಏನು ಮಾತಾಡಬೇಕು ಎಂಬುದಕ್ಕೆ ಕೈ ಹಾಕುವಂತಿಲ್ಲ. ಪರವಾಗಿ 824 ಮತ, ವಿರುದ್ಧ 115. ಒಬ್ಬರು ಬೇಡವೆಂದರೆ ಏಳು ಜನ ಬೇಕೆಂದರು. ಅಂದು ಸಾವಿಯೋಗೆ 22 ತುಂಬಿದ ದಿನವೂ ಹೌದು. ಸಭೆ ಮುಗಿಸಿ ಪ್ರಾಧ್ಯಾಪಕರು ಹೊರಬಂದಾಗ, ಧ್ವನಿವರ್ಧಕದಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ವಿದ್ಯಾರ್ಥಿಗಳು ಎರಡೂ ಬದಿಗೆ ಸರಿದು ದಾರಿ ಬಿಟ್ಟರು, ಚಪ್ಪಾಳೆ ತಟ್ಟುತ್ತ.