ಕಾರ್ಡ್ ಪಾಯಿಂಟಿನಲ್ಲಿ ಪ್ರಯಾಣ: ಲಾಭ ಎಲ್ಲಿ, ನಷ್ಟ ಎಲ್ಲಿ?

ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಡಗಿ ಮಾರುಕಟ್ಟೆ ಮೆಣಸಿನಕಾಯಿ ಚೀಲಗಳಿಂದ ತುಂಬಿರುತ್ತದೆ. ಆ ಸುಗ್ಗಿಯ ಹಣ ಹಾವೇರಿ, ರಾಣೆಬೆನ್ನೂರಿನ ಅಂಗಡಿ, ಹೋಟೆಲುಗಳಿಗೂ ಹರಿಯುತ್ತದೆ. ಕರಾವಳಿಯಿಂದ ಬಂದು ಇಲ್ಲಿ ವ್ಯಾಪಾರಕ್ಕೆ ಕೂತ ನಮ್ಮವರು ಸಾಮಾನು, ಪ್ಯಾಕಿಂಗ್, ಲಾರಿ ಬಾಡಿಗೆ ಅಂತ ಬಿಸಿನೆಸ್ ಕ್ರೆಡಿಟ್ ಕಾರ್ಡ್ ಉಜ್ಜುವುದೂ ಆಗಲೇ ಜಾಸ್ತಿ. ಅದರಲ್ಲಿ ಕೂಡುವ ಪಾಯಿಂಟಿನಿಂದ ಗಲ್ಫಿನಲ್ಲಿರುವ ಮಕ್ಕಳನ್ನು ನೋಡಲು, ಉಮ್ರಾಕ್ಕೆ ಹೋಗಲು ಟಿಕೆಟ್ ಸಿಗುತ್ತದಾ? ಸಿಗುತ್ತದೆ. ಆದರೆ ಲೆಕ್ಕ ಗೊತ್ತಿರಬೇಕು.

100 ರೂಪಾಯಿಗೆ ಒಂದು ಪಾಯಿಂಟ್ ಕೊಡುವ ಕಾರ್ಡ್ ಅಂತಿಟ್ಟುಕೊಳ್ಳೋಣ. ಒಂದು ಲಕ್ಷ ಖರ್ಚಿಗೆ 1,000 ಪಾಯಿಂಟ್. ಅದನ್ನು ಮಿಕ್ಸಿ, ಕುಕ್ಕರಿಗೆ ಕೊಟ್ಟು ಪಾಯಿಂಟಿಗೆ 25 ಪೈಸೆ ಸಿಕ್ಕರೆ ಬರುವುದು 250 ರೂ. ಅದನ್ನೇ ವಿಮಾನ ಕಂಪೆನಿಯ ಮೈಲ್ಸ್‌ಗೆ ಬದಲಿಸಿ ಒಂದು ರೂಪಾಯಿ ಬೆಲೆ ಸಿಕ್ಕರೆ 1,000 ರೂ. ಈ ಸೌಲಭ್ಯ ಎಲ್ಲ ಕಾರ್ಡಿಗೂ ಇಲ್ಲ, ಕೇಳಿ ತಿಳಿದುಕೊಳ್ಳಿ. ಡೀಸೆಲ್, ಬಾಡಿಗೆ, ಸರ್ಕಾರಿ ಪಾವತಿಗೆ ಅನೇಕ ಕಾರ್ಡುಗಳು ಪಾಯಿಂಟ್ ಕೊಡುವುದೇ ಇಲ್ಲ.

ಒಮ್ಮೆ ಬದಲಿಸಿದ ಪಾಯಿಂಟ್ ಸಾಮಾನ್ಯವಾಗಿ ವಾಪಸ್ ಬರೋದಿಲ್ಲ. ಹಾಗಾಗಿ ಬೇಕಾದ ದಿನಕ್ಕೆ ಮೈಲ್ಸ್ ಸೀಟು ಇದೆಯಾ ಅಂತ ಮೊದಲು ನೋಡಬೇಕು. ಶಾಲೆ ರಜೆಯಲ್ಲಿ, ರಮಝಾನಿನಲ್ಲಿ ಸೀಟು ಕಷ್ಟ. ಸೀಟು ಸಿಕ್ಕರೂ ತೆರಿಗೆ, ಶುಲ್ಕವನ್ನು ಹೆಚ್ಚಾಗಿ ಕೈಯಿಂದಲೇ ಕಟ್ಟಬೇಕು.

ಇನ್ನು ನಷ್ಟದ ಮಾತು. ಅದೇ ಒಂದು ಲಕ್ಷ ಬಾಕಿ ಉಳಿದು, ತಿಂಗಳಿಗೆ ಶೇ. 3.5 ಬಡ್ಡಿ ಬಿದ್ದರೆ 3,500 ರೂ. ಅದರ ಮೇಲೆ ಶೇ. 18 ಜಿಎಸ್‌ಟಿ 630 ರೂ. ಒಟ್ಟು 4,130. ಸಾವಿರ ರೂಪಾಯಿ ಪಾಯಿಂಟಿಗೆ ನಾಲ್ಕು ಸಾವಿರ ಕೊಟ್ಟ ಹಾಗಾಯಿತು! ‘ಮಿನಿಮಮ್ ಡ್ಯೂ’ ಕಟ್ಟಿದರೆ ಬಡ್ಡಿ ತಪ್ಪುವುದಿಲ್ಲ. ಪೂರ್ತಿ ಬಿಲ್ ಕಟ್ಟಿದರೆ ಮಾತ್ರ ತಪ್ಪುತ್ತದೆ. ಬಡ್ಡಿಯಿಂದ ದೂರ ಇರಬೇಕೆನ್ನುವ ನಮ್ಮ ಮನೆಗಳಿಗೆ ಇದು ಬರೀ ದುಡ್ಡಿನ ಪ್ರಶ್ನೆಯೂ ಅಲ್ಲ. ಕಾರ್ಡ್ ಬಳಕೆಯ ವಿಧಿ ಬಗ್ಗೆ ಸಂಶಯ ಇದ್ದವರು ತಮ್ಮ ಜಮಾಅತಿನ ಉಸ್ತಾದರನ್ನು ಕೇಳಲಿ.

ಗಿರಾಕಿಯ ಉದ್ರಿ ಸುಗ್ಗಿ ಮುಗಿದ ಮೇಲೆ ಬರುತ್ತದೆ, ಕಾರ್ಡಿನ ಬಿಲ್ ಕಾಯುವುದಿಲ್ಲ. ಬಿಲ್ಲಿನ ದಿನಾಂಕವನ್ನು ಕನಿಷ್ಠ ಒಮ್ಮೆ ಬದಲಿಸಿಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ನಿಮ್ಮ ವಸೂಲಿಯ ದಿನಕ್ಕೆ ಅದನ್ನು ಹೊಂದಿಸಿಕೊಳ್ಳಿ. ಬಿಲ್ ಕಟ್ಟುವ ಹಣ ಕೈಯಲ್ಲಿದ್ದಾಗ ಮಾತ್ರ ಕಾರ್ಡ್ ಉಜ್ಜಿ. ಪಾಯಿಂಟಿನ ಆಸೆಗೆ ಬೇಡದ ಸಾಮಾನು ಕೊಂಡರೆ ಆ ಟಿಕೆಟ್ ಪುಕ್ಕಟೆ ಅಲ್ಲ.